ಹಳದಿ ಗೋಂದೂ ನನ್ನ ತಮಿಳೂ

ಅಂಟಿಸುವುದೇನು ಮಹಾ ವಿದ್ಯೆ? ಅಂಚೆಚೀಟಿ ಅಂಟಿಸಲು ಬಂದವನಿಗೆ ಹಡಗನ್ನೂ ಅಂಟಿಸಲು ಬರುತ್ತದೆ ಎಂದು ನಂಬಿದ್ದ ಮನುಷ್ಯ ನಾನು. ಆದ್ದರಿಂದ ಆ ಭಾನುವಾರ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿ ಹೆಂಡತಿಯ ಮುಂದೆ ಘೋಷಿಸಿಬಿಟ್ಟೆ: "ನಿನ್ನ ಸ್ಕ್ಯಾನರಿಗೆ ನಾನೇ ಪೆಟ್ಟಿಗೆ ಸಿದ್ಧ ಮಾಡ್ತೀನಿ. ಮಹಾರಾಜರು ಕಿರೀಟ ಇಡೋಕೆ ಆಸೆಪಡಬೇಕು, ಅಂಥ ಪೆಟ್ಟಿಗೆ!"

ನನ್ನ ಹೆಂಡತಿ ಮೇನಕಾ ಪಶುವೈದ್ಯೆ. ತಮಿಳುನಾಡಿನ ಮೇಚೇರಿಯಲ್ಲಿ, ಅವಳಂತೆಯೇ ಕನ್ನಡ ಮನೆಮಾತಿನ ಕುರಿ ಸಾಕುವವರ ಸಂಘವೊಂದರಲ್ಲಿ ಅವಳ ಕೆಲಸ. ವೈರಿನ ತುದಿಯ ಹಿಡಿಯೊಂದನ್ನು ಕುರಿಯ ಹೊಟ್ಟೆಗೆ ಒತ್ತಿದರೆ ಒಳಗೆ ಮರಿ ಇದೆಯೋ ಇಲ್ಲವೋ ಎಂದು ಪರದೆಯ ಮೇಲೆ ತೋರಿಸುವ ಸಣ್ಣ ಸ್ಕ್ಯಾನರ್ ಅವಳ ಹತ್ತಿರ ಇದೆ. ಇಡೀ ಸಂಘಕ್ಕೆ ಇರುವುದು ಅದೊಂದೇ. ಅದನ್ನವಳು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನಲ್ಲಿಟ್ಟುಕೊಂಡು, ಹಳ್ಳ ಹಾರಿಸುತ್ತ ಊರೂರು ಸುತ್ತುತ್ತಿದ್ದಳು. ನಾನು ಮಳವಳ್ಳಿ ಕಡೆಯವನು, ಬಿ.ಕಾಂ. ಓದಿದವನು, ಮದುವೆಯಾಗಿ ಇಲ್ಲಿಗೆ ಬಂದು ಸೇಲಂನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನೂ ದಪ್ಪ ಫೋಮ್ ಹಾಳೆಗಳನ್ನೂ ಅಲ್ಲಿಂದಲೇ ತಂದಿದ್ದೆ. ಸ್ಕ್ಯಾನರಿನ ಆಕಾರಕ್ಕೆ, ಹಿಡಿಯ ಆಕಾರಕ್ಕೆ ಫೋಮಿನಲ್ಲಿ ಗುಂಡಿ ಕತ್ತರಿಸಿಯೂ ಆಗಿತ್ತು. ಇನ್ನು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಪೆಟ್ಟಿಗೆಯಲ್ಲಿ ಕೂರಿಸುವುದಷ್ಟೇ ಬಾಕಿ.

"ನಾಳೆ ಕ್ಯಾಂಪ್ ಐತೆ," ಅಂದಳು ಮೇನಕಾ. "ಚೆಲ್ಲಮ್ಮಕ್ಕನ ಕುರಿ ನೋಡ್ಬೇಕು. ಮಗಳ ಹೆರಿಗೆಗೆ ಅಂತ ಹರೂರಿಗೆ ಒಂಟವ್ರೆ. ಕುರಿ ಗಬ್ಬ ಆಗಿದ್ರೆ ಅವರ ತಂಗಿ ಇಟ್ಕೋತಾಳಂತೆ. ಇಲ್ದಿದ್ರೆ ಕಸಾಯಿ ಭೂಪತಿಗೆ. ಮಷೀನ್‌ಗೆ ಏನಾರ ಆಯ್ತೋ, ಒಂದಲ್ಲ ಎರಡು ಜೀವ ಓಗ್ಬೋದು. ತಿಳೀತಾ?"

"ನಾನಿರುವಾಗ ಏನಾಗುತ್ತೆ?" ಅಂದೆ.

"ಅದೇ ಬಯ ನಂಗೆ," ಅಂದಳು.

ಯಾವ ಗೋಂದು ಎಂಬುದು ದೊಡ್ಡ ಪ್ರಶ್ನೆ. ವಾರವಿಡೀ ಸೇಲಂ ಬಸ್ಸಿನಲ್ಲಿ ಮೊಬೈಲ್ ನೋಡಿ ನೋಡಿ ನಾನು ಗೋಂದಿನ ಪಂಡಿತನಾಗಿದ್ದೆ. ಮಕ್ಕಳ ಬಿಳಿ ಗೋಂದು ಫೋಮಿನ ನಡುವೆ ಗಾಳಿಯಾಡದೆ ಹಸಿಯಾಗಿಯೇ ಕೂರುತ್ತದೆ. ಚಿಕ್ಕ ಟ್ಯೂಬಿನ ಗೋಂದು ಕ್ಷಣದಲ್ಲಿ ಕಲ್ಲಾಗುತ್ತದೆ, ಫೋಮು ಬಾಗಿದರೆ ಅದು ಪಟ್ಟನೆ ಬಿರಿಯುತ್ತದೆ, ಮೇಲಾಗಿ ಮೊದಲು ಅಂಟುವುದು ನಮ್ಮ ಬೆರಳು. ಮಾವ ತಿಮ್ಮರಾಯಪ್ಪನವರು ಜಗಲಿಯಿಂದಲೇ ತಮ್ಮ ತೀರ್ಪು ಕೊಟ್ಟರು.

"ಅಳಿಯಂದ್ರೆ, ಮೈದಾ ಗಂಜಿ ಕಾಯ್ಸಿ ಬಳೀರಿ. ನಮ್ ಗೋಡೆ ಮೇಲಿನ ಎಲೆಕ್ಷನ್ ಪೋಸ್ಟರ್ ನೋಡಿ. ನಿಂತೋನು ಸೋತು ಮನೆಗೋದ, ಪೋಸ್ಟರ್ ಇನ್ನೂ ನಿಂತೈತೆ."

"ಮಾವ, ಮೈದಾ ಬಳಿದ್ರೆ ಇಲಿಗಳಿಗೆ ಎಲೆ ಹಾಕಿ ಬಡಿಸಿದ ಹಾಗಾಗುತ್ತೆ," ಎಂದು ನಕ್ಕು ಪೇಟೆಗೆ ಹೊರಟೆ.

"ತಡೀರಿ, ನಾನೂ ಬತ್ತೀನಿ," ಅಂದಳು ಮೇನಕಾ. "ನಿಮ್ ತಮಿಳು ನಂಬ್ಕೊಂಡು ಅಂಗಡಿಗೆ ಕಳ್ಸೋಕಾಯ್ತದಾ?"

"ನನ್ನ ತಮಿಳಿಗೇನಾಗಿದೆ?"

"ಮೊನ್ನೆ ಬಸ್ಸಲ್ಲಿ ಕಂಡಕ್ಟರ್‌ಗೆ 'ಟಿಕೆಟ್ ಕುಡಿಂಗ' ಅಂದ್ರಲ್ಲ. ಕುಡುಂಗ ಅಂದ್ರೆ ಕೊಡಿ. ಕುಡಿಂಗ ಅಂದ್ರೆ ಕುಡೀರಿ. ಟಿಕೆಟ್ನ ಅವ್ನೆಂಗ್ ಕುಡೀತಾನೆ?"

ಒಂದು ಅಕ್ಷರದ ತಪ್ಪಿಗೆ ಇಷ್ಟು ಅವಮಾನ! ರೋಷದಿಂದ ಒಬ್ಬನೇ ಹೋದೆ.

ಅಂಗಡಿಯ ಇಳಂಗೋ ನನ್ನ ಮಾತು ಕೇಳಿ, ಒಂದು ಹಳದಿ ಗೋಂದಿನ ಡಬ್ಬಿ ತೆಗೆದಿಟ್ಟ. ಚಪ್ಪಲಿಗೂ ಸೋಫಾಗೂ ಬಳಸುವ ರಬ್ಬರ್ ಗೋಂದು ಅದು. ನನ್ನ ಮೊಬೈಲಿನ ಪಾಂಡಿತ್ಯವೂ ಅದನ್ನೇ ಹೇಳಿತ್ತು. ಬಳಸುವ ಕ್ರಮವನ್ನೂ ಅವನು ಸ್ಪಷ್ಟವಾಗಿ ಹೇಳಿದ: "ರೆಂಡು ಪಕ್ಕಮುಂ ತಡವುಂಗ ಸಾರ್. ನಲ್ಲಾ ಕಾಯ ವಿಡುಂಗ. ಅಪ್ಪುರಂ ಒಟ್ಟುಂಗ."

ಎರಡೂ ಕಡೆ ಬಳಿಯಬೇಕು. ಚೆನ್ನಾಗಿ ಕಾಯಿಸಬೇಕು. ಆಮೇಲೆ ಅಂಟಿಸಬೇಕು. ಮೂರು ವಾಕ್ಯ, ಮೂರೂ ಅರ್ಥವಾದವು. ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಂದೆ.

ಮಧ್ಯಾಹ್ನ ಮೇನಕಾ ಯಾವುದೋ ಕುರಿಗೆ ಇಂಜೆಕ್ಷನ್ ಕೊಡಲು ಹೋದಳು. ನಾನು ಗೋಂದನ್ನು ಎರಡೂ ಕಡೆ ಧಾರಾಳವಾಗಿ ಬಳಿದೆ. ಇನ್ನು ಕಾಯಿಸಬೇಕಲ್ಲ? ಅವಳು ತಲೆಗೂದಲು ಒಣಗಿಸುವ ಡ್ರೈಯರ್ ಕೈಗೆ ಸಿಕ್ಕಿತು. ಬಿಸಿ ತಾಗಿದ್ದೇ ತಡ, ಗೋಂದು ದೋಸೆಹಿಟ್ಟಿನಂತೆ ಗುಳ್ಳೆಯೆದ್ದು ಮೇಲೆ ಕೆನೆ ಕಟ್ಟಿತು. ಫೋಮಿನ ಅಂಚು ಹಪ್ಪಳದಂತೆ ಸುರುಟಿತು. ಮನೆಯೆಲ್ಲ ನಾತ. ನಿದ್ದೆಯಲ್ಲಿದ್ದ ಮಾವ ಎದ್ದು ಕೂತು, "ಅಳಿಯಂದ್ರೆ, ಚಪ್ಪಲಿ ಸುಡ್ತಾ ಇದೀರಾ?" ಎಂದರು.

"ವಿಜ್ಞಾನ ಮಾವ," ಅಂದೆ.

"ಕಿಟಕಿ ತೆಗ್ದು ಮಾಡಿ ವಿಜ್ಞಾನನ," ಎಂದು ಅವರು ಮತ್ತೆ ಮಲಗಿದರು.

ಬಿಸಿಬಿಸಿಯಾಗಿಯೇ ಎಲ್ಲವನ್ನೂ ಅಂಟಿಸಿ ಕೂರಿಸಿದೆ. ಆದರೆ ಸುರುಟಿದ ಫೋಮಿನಲ್ಲಿ ಗುಂಡಿಗಳ ಆಕಾರ ಕೆಡುತ್ತಿತ್ತು. ಆಗಲೇ ನನ್ನ ಬುದ್ಧಿಯ ಪರಮಾವಧಿ ಕೆಲಸ ಮಾಡಿದ್ದು. ಸ್ಕ್ಯಾನರನ್ನೂ ಹಿಡಿಯನ್ನೂ ಅವುಗಳ ಗುಂಡಿಯಲ್ಲಿ ಮಲಗಿಸಿ, ಮುಚ್ಚಳ ಮುಚ್ಚಿ, ಅದರ ಮೇಲೆ ಅತ್ತೆಯವರ ಕಾಲದ ರುಬ್ಬುಗುಂಡು ಇಟ್ಟೆ. ಮೇಲಿನ ಕೆನೆಯ ಕೆಳಗೆ ಗೋಂದು ಇನ್ನೂ ಹಸಿಯಾಗಿಯೇ ಇದೆ, ರುಬ್ಬುಗುಂಡಿನ ಭಾರಕ್ಕೆ ಅದು ಸಂದಿಯಿಂದ ಉಕ್ಕಿ ಗುಂಡಿಯೊಳಗೆ ಇಳಿಯುತ್ತದೆ ಎಂಬುದನ್ನು ಯಾವ ಬಸ್ಸಿನಲ್ಲೂ ನಾನು ಓದಿರಲಿಲ್ಲ.

ಮರುದಿನ ಆಫೀಸಿಗೆ ಒಂದು ದಿನ ರಜೆ ಹಾಕಿ ನಾನೂ ಕ್ಯಾಂಪಿಗೆ ಹೋದೆ. ಅಲ್ಲಿ ಬೇವಿನ ಮರದ ಕೆಳಗೆ ಕುರಿಗಳೂ ಅವುಗಳ ಯಜಮಾನರೂ ಸೇರಿದ್ದರು. ಮುಂದೆ ಚೆಲ್ಲಮ್ಮ, ಬಟ್ಟೆಗಂಟು ಕಂಕುಳಲ್ಲಿ, ಕುರಿಯ ಹಗ್ಗ ಕೈಯಲ್ಲಿ. ಸ್ವಲ್ಪ ದೂರದಲ್ಲಿ ಭೂಪತಿ, ಹಗ್ಗ ಹಿಡಿದು. ಪೆಟ್ಟಿಗೆ ನೋಡಿ ಎಲ್ಲರೂ ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆ ತಲೆ ಮತ್ತೆ ಮೇಲೇಳಲಿಲ್ಲ.

ಮೇನಕಾ ಹಿಡಿಯನ್ನು ಎತ್ತಿದಳು. ಹಿಡಿಯ ಜೊತೆ ಫೋಮು ಎದ್ದಿತು, ಫೋಮಿನ ಜೊತೆ ಪೆಟ್ಟಿಗೆ ಎದ್ದಿತು. ಜಗ್ಗಿದಳು. ನಾನು ಪೆಟ್ಟಿಗೆ ಹಿಡಿದು ಈ ಕಡೆಯಿಂದ ಜಗ್ಗಿದೆ. ಕೊನೆಗೆ ಯಾರದೋ ಕುಡುಗೋಲಿನಿಂದ ಫೋಮು ಕೊಯ್ದು ಹಿಡಿಯನ್ನು ಬಿಡಿಸಿದ್ದಾಯಿತು. ಅದರ ಮುಖದ ತುಂಬ ಹಳದಿ ಪೊರೆ. ಸ್ವಿಚ್ ಒತ್ತಿ, ಕುರಿಯ ಹೊಟ್ಟೆಗೆ ಇಟ್ಟರೆ ಪರದೆಯೆಲ್ಲ ಬೂದಿ ಬಣ್ಣ.

ಚೆಲ್ಲಮ್ಮ ಬಗ್ಗಿ ನೋಡಿದರು. "ಡಾಕ್ಟರಮ್ಮ, ಮರಿ ಕಾಣಾಕಿಲ್ಲ. ಬರೀ ಮೋಡ ಕಾಣ್ತೈತೆ."

ಕಂಪನಿಗೆ ಫೋನ್ ಮಾಡಿದರೆ, ಪೊರೆಯನ್ನು ನೀವು ಕೆರೆಯಬೇಡಿ, ಕಳಿಸಿಕೊಡಿ, ರಿಪೇರಿಗೆ ಬಹಳ ದಿನ ಹಿಡಿಯುತ್ತದೆ ಅಂದರು. ಭೂಪತಿ ಮೆಲ್ಲನೆ ತನ್ನ ಹಗ್ಗದ ಸುರುಳಿ ಬಿಚ್ಚತೊಡಗಿದ. ಕುರಿ ನನ್ನ ಷರ್ಟಿನ ತುದಿ ಮೆಲ್ಲುತ್ತ ನಿಂತಿತ್ತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಇಳಂಗೋ ಏನಂದ?" ಮೇನಕಾ ಕೇಳಿದಳು.

"ಕಾಯ ವಿಡುಂಗ ಅಂದ. ಕಾಯಿಸಿದೆ."

"ಕಾಯ ವಿಡುಂಗ ಅಂದ್ರೆ ಒಣಗೋಕೆ ಬುಡಿ ಅಂತ!"

"ಹಾಲು ಕಾಯಿಸೋದಕ್ಕೆ ಪಾಲ್ ಕಾಯ್ಚೋದು ಅಂತೀರಲ್ಲ ನೀವು? ಅದೇ ಕಾಯ ಅಂದ್ಕೊಂಡೆ," ನನ್ನ ದನಿ ನನಗೇ ಕೇಳಿಸಲಿಲ್ಲ.

"ತಮಿಳು ಓಗ್ಲಿ. ಕನ್ನಡದಾಗೆ ಕಾಯೋದು ಅಂದ್ರೆ ಬಿಸಿ ಆಗೋದೂ ಐತೆ, ಸುಮ್ನೆ ಕೂತು ಕಾಯೋದೂ ಐತೆ. ಆ ಎರಡನೇದು ಇಡ್ಕೊಂಡಿದ್ರೂ ಗೋಂದು ಒಣಗ್ತಿತ್ತಲ್ಲ!"

ಎರಡು ಭಾಷೆಯಲ್ಲೂ ಏಕಕಾಲಕ್ಕೆ ಫೇಲಾದವನು ಆ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೇನಕಾ ಭೂಪತಿಯ ಕಡೆ ತಿರುಗಿ, "ಗಬ್ಬ ಇಲ್ಲ ಅಂತ ನಾನು ಏಳೋವರ್ಗೂ ಯಾರೂ ಕುರಿ ಮುಟ್ಟಂಗಿಲ್ಲ," ಅಂದಳು.

"ಡಾಕ್ಟರಮ್ಮ ಗಬ್ಬ ಅನ್ನದೆ ಇದ್ರೆ ನನ್ ತಂಗಿ ಕಟ್ಕೊಳ್ಳಾಕಿಲ್ಲ," ಚೆಲ್ಲಮ್ಮನ ಕಣ್ಣಲ್ಲಿ ನೀರು. "ನನ್ ಬಸ್ ಒಂಟೋಯ್ತದೆ. ಯಾರ್ ಕಾಯ್ತಾರೆ ಇದ್ನ?"

ಮೇನಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಮ್ಮನೇಲಿ ಬುಟ್ಟೋಗಿ ಅಕ್ಕ. ಕಾಯೋಕೆ ಆಳು ಐತೆ."

ಮಾತು ಅಲ್ಲಿಗೇ ನಿಲ್ಲಲಿಲ್ಲ. ಸ್ಕ್ಯಾನ್ ಆಗದ ಉಳಿದವರೂ, "ನಮ್ದೂ ಒಂದಿರ್ಲಿ ಸಾರ್," ಎಂದು ಹಗ್ಗಗಳನ್ನು ನನ್ನ ಕೈಗೆ ಕೊಡುತ್ತ ಹೋದರು. ಸಂಜೆ ನಾನು ಮಂದೆಯ ಸಮೇತ ಮನೆಗೆ ಬಂದಾಗ ಮಾವ ತಮ್ಮ ಕೋಲು ತಂದು ಕೊಟ್ಟರು. ಆಫೀಸಿನ ರಜೆ ಮುಂದುವರಿಸಿದೆ.

ವಾರಗಳೇ ಕಳೆದರೂ ಸ್ಕ್ಯಾನರ್ ಇವತ್ತಿಗೂ ಬಂದಿಲ್ಲ. ಬೇಕಾಗಿಯೂ ಇಲ್ಲ. ಚೆಲ್ಲಮ್ಮನ ಕುರಿಯ ಹೊಟ್ಟೆ ಈಗ ಗುಂಡಗಾಗಿ, ಕಣ್ಣಿದ್ದವರಿಗೆಲ್ಲ ಉತ್ತರ ಹೇಳುತ್ತಿದೆ. ಸುಮ್ಮನೆ ಕಾದದ್ದಕ್ಕೆ ಎರಡು ಜೀವ ಉಳಿದವು.

ನಿನ್ನೆ ಮಳವಳ್ಳಿಯಿಂದ ಅಮ್ಮ ಫೋನ್ ಮಾಡಿದ್ದರು. ನಾನು ಬೇಲಿಯ ಹತ್ತಿರ ಕೋಲು ಹಿಡಿದು ನಿಂತಿದ್ದೆ. ಮೇನಕಾ ಬೇಕೆಂದೇ ಸ್ಪೀಕರ್ ಹಾಕಿದಳು.

"ಏನ್ ಮಾಡ್ತಾವ್ನವ್ವ ನನ್ ಮಗ?"

"ಕಾಯ್ತಾವ್ರೆ ಅತ್ತೆ."

"ಏನ, ಬಸ್ನಾ?"

"ಕುರಿನ."

ಆ ಕಡೆ ಅಮ್ಮ ನಿಟ್ಟುಸಿರು ಬಿಟ್ಟರು.

"ಅವ್ರಪ್ಪ ಅವ್ನು ಐದ್ನೇ ಕ್ಲಾಸಲ್ಲಿದ್ದಾಗ್ಲೇ ಕುರಿ ಕಾಯಾಕೆ ಕಳಿಸ್ತೀನಿ ಅಂದಿದ್ರು ಕಣವ್ವ. ನಾನೇ ಅಡ್ಡ ಬಂದು ಬಿ.ಕಾಂ. ಓದಿಸ್ಬುಟ್ಟೆ."