ಎಡಗೈ ಎತ್ತಿದ ಮೇಯರ್

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಕಮಲಾಪುರದ ನಮ್ಮ ಬಡಾವಣೆಯ ಸಮುದಾಯ ಭವನ. ಹಾಜರಿದ್ದವರು ಇಪ್ಪತ್ತೊಂದು ಮಂದಿ. ಅವರಲ್ಲೊಬ್ಬರು ನಮ್ಮ ಕಾಕಾ. ಒಂದು ದಿನವೂ ಮೇಯರ್ ಆಗದೆ ಮೂವತ್ತು ವರ್ಷ ‘ಮೇಯರ್ ಸಾಹೇಬ್ರು’ ಎಂದು ಕರೆಸಿಕೊಂಡವರು! ಇಂಥವರು ಇನ್ನೊಬ್ಬರಿದ್ದರೆ ತೋರಿಸಿ.

ಮೂವತ್ತು ವರ್ಷದ ಹಿಂದೆ, ಕಮಲಾಪುರಕ್ಕೆ ಬರುವ ಮೊದಲು, ಅವರು ಕಲಬುರಗಿಯಲ್ಲಿ ಕಾರ್ಪೊರೇಟರ್ ಆಗಿದ್ದರು. ಮೇಯರ್ ಸ್ಥಾನಕ್ಕೆ ಕೈ ಎತ್ತುವ ಚುನಾವಣೆ. ಎದುರಾಳಿ, ಗೆಳೆಯರೇ ಆದ ವಕೀಲ ಸಾಹೇಬರು. ಕಾಕಾ ಒಂದೇ ಮತದಿಂದ ಸೋತರು. ಆ ಮತ ಯಾರದು? ಕಾಕಾರದೇ! ತನಗೆ ತಾನೇ ಕೈ ಎತ್ತಿಕೊಳ್ಳುವುದು ಅಸಭ್ಯವೆಂದು ಅವರು ವಕೀಲರಿಗೆ ಎತ್ತಿದ್ದರು. ವಕೀಲರು ಸಂಕೋಚವಿಲ್ಲದೆ ತಮಗೇ ಎತ್ತಿಕೊಂಡಿದ್ದರು. ಕುರ್ಚಿ ವಕೀಲರಿಗೆ ಹೋಯಿತು, ‘ಮೇಯರ್ ಸಾಹೇಬ್ರು’ ಎಂಬ ಹೆಸರು ಕಾಕಾರಿಗೆ ಉಳಿಯಿತು.

ಇದೆಲ್ಲ ‘ಪೈಲೇ ಆಪ್’ ಎಂಬ ಹಳೆಯ ಹೈದರಾಬಾದಿ ರಿವಾಜಿನ ಫಲ. ಬಾಗಿಲಿದ್ದಲ್ಲಿ ‘ಮೊದಲು ನೀವು’ ಎನ್ನಲೇಬೇಕು. ಆಮೇಲೆ ವಕೀಲರಿಗೂ ಈ ರೋಗ ಅಂಟಿತು. ಒಮ್ಮೆ ಕಮಲಾಪುರದ ಬಸ್ಸಿನ ಬಾಗಿಲಲ್ಲಿ ಇಬ್ಬರೂ “ಪೈಲೇ ಆಪ್”, “ನಹೀ ಜೀ, ಪೈಲೇ ಆಪ್” ಎನ್ನುತ್ತ ನಿಂತರು. ಕಂಡಕ್ಟರ್ ಕೈಮುಗಿದು, “ಪೈಲೇ ನಾವು ಹೋಗ್ತೀವ್ರಿ” ಎಂದು ಸೀಟಿ ಊದಿದ.

ಕಾಕಾರಿಗೆ ಗುರು ಒಬ್ಬನೇ: ನೂರು ವರ್ಷದ ಹಿಂದೆ ಅಮೆರಿಕಾದ ಯಾವುದೋ ಊರಿನಲ್ಲಿದ್ದ ಮೇಯರ್. ರದ್ದಿ ಅಂಗಡಿಯಲ್ಲಿ ಸಿಕ್ಕ ಆತನ ಜೀವನಚರಿತ್ರೆಗೆ ಮೊದಲ ಹಾಳೆಗಳೂ ಇಲ್ಲ, ಕೊನೆಯವೂ ಇಲ್ಲ.

“ಹೆಸರೇನ್ರಿ ಅವಂದು?” ಎಂದು ನಾನೊಮ್ಮೆ ಕೇಳಿದೆ.

“ಮೇಯರ್ ಅಂದ್ರ ಮೇಯರ್. ಹೆಸರ್ ತಗೊಂಡು ಏನ್ ಮಾಡ್ತಿ, ಟೀಚರಬಾಯಿ?”

ನಾನು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅದಕ್ಕೇ ಈ ಚುಡಾಯಿಕೆ. ಆ ಮೇಯರ್ ಜನರ ನಡುವೆ ಟ್ರಾಮಿನಲ್ಲಿ ನಿಂತೇ ಕಚೇರಿಗೆ ಹೋಗುತ್ತಿದ್ದನಂತೆ. ಕಮಲಾಪುರದಲ್ಲಿ ಟ್ರಾಮ್ ಎಲ್ಲಿಂದ ತರುವುದು? ಕಾಕಾ ಕೆಂಪು ಬಾಳೆಗೊನೆ ತುಂಬಿದ ಟಂಟಂ ಆಟೋದಲ್ಲಿ ನಿಂತು ಗಟಾರಗಳ ತಪಾಸಣೆಗೆ ಹೊರಟರು! ಅವರ ಕೊರಗು ಒಂದೇ. “ಅವನ ಕಡೀ ಚುನಾವಣಿ ಏನಾಯ್ತೋ ಏನೋ.” ಹಾಳೆ ಹರಿದಿದೆಯಲ್ಲ!

ಈಗ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಬಡಾವಣೆ ಸಂಘದ ಅಧ್ಯಕ್ಷಸ್ಥಾನಕ್ಕೆ ನಿಂತರು. ಎದುರಾಳಿ ಮತ್ತೆ ಅದೇ ವಕೀಲರು. ಅವರೂ ನಮ್ಮ ಪಕ್ಕದ ಓಣಿಗೇ ಬಂದು ನೆಲೆಸಿದ್ದಾರೆ.

“ಒಂದ್ ಸಲ ಆ ಕುರ್ಚಿ ಮ್ಯಾಲ ಕೂಡಬೇಕಂತ ಆಸೆ ಅದ” ಎಂದು ಕಾಕಾ ಹಿಂದಿನ ದಿನ ಮೆಲ್ಲಗೆ ಹೇಳಿದ್ದರು.

“ಹಂಗಾದ್ರ ಈ ಸಲ ನಿಮಗ ನೀವೇ ಕೈ ಎತ್ರಿ.”

“ಎತ್ತಿದ್ರಾಯ್ತು ಬಿಡು.”

ನನಗೆ ನಂಬಿಕೆ ಬರಲಿಲ್ಲ. ಇವತ್ತಿನ ಸಭೆಯಲ್ಲಿ, ಸಂಘದ ಕಾರ್ಯದರ್ಶಿಯಾದ ನಾನು ಪಕ್ಕದಲ್ಲಿ ಕೂತ ಅವರ ಬಲಗೈ ಗಟ್ಟಿಯಾಗಿ ಹಿಡಿದುಕೊಂಡೇ ವಕೀಲರ ಹೆಸರು ಕರೆದೆ. ಕಾಕಾ ಎಡಗೈ ಎತ್ತಿದರು!

“ಏನ್ ಮಾಡ್ಲಿ, ತಾನೇ ಎದ್ದುಬಿಡ್ತು” ಎಂದರು, ತಪ್ಪು ಮಾಡಿ ಸಿಕ್ಕವರಂತೆ.

ಎಣಿಸಿದೆ: ಹತ್ತು. ಆಮೇಲೆ ಕಾಕಾರ ಹೆಸರು ಕರೆದೆ. ನನ್ನದೂ ಸೇರಿ ಹತ್ತು. ಹತ್ತೂ ಹತ್ತೂ ಇಪ್ಪತ್ತು. ಇನ್ನೊಂದು ಕೈ ಎಲ್ಲಿ? ಹಿಂದಿನ ಸಾಲಿನಲ್ಲಿ ವಕೀಲರ ಕೈ ನಿಧಾನವಾಗಿ ಮೇಲೇರಿತು.

“ವಕೀಲ ಸಾಹೇಬ್ರ, ಇದು ಕಾಕಾರ ಸರದಿರಿ.”

“ಗೊತ್ತದ ಬಾಯಿ. ಮೂವತ್ತು ವರ್ಷದಿಂದ ಅವರ ಕೈ ಒಂದು ನನ್ನ ಹತ್ರನೇ ಉಳಿದಿತ್ತು. ಇವತ್ತ ವಾಪಸ್ ಕೊಟ್ಟೀನಿ.”

ಕಾಕಾ ಕುರ್ಚಿಯವರೆಗೆ ಹೋಗಿ, ತಿರುಗಿ ವಕೀಲರಿಗೆ “ಪೈಲೇ ಆಪ್” ಎಂದರು. ವಕೀಲರು ಅವರ ಭುಜ ಹಿಡಿದು ಕೂಡಿಸಿದರು. ಕಾಕಾ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸಂಜೆ ಆರಕ್ಕೆ ನಡಾವಳಿ ಬರೆದು ಮುಗಿಸಿದೆ. ಕಟ್ಟಕಡೆಯ ಸಾಲು: ‘ಮೇಯರ್ ಒಂದು ಮತದಿಂದ ಗೆದ್ದರು.’ ‘ಅಧ್ಯಕ್ಷರು’ ಎಂದಿರಬೇಕಿತ್ತು, ತಿದ್ದಲಿಲ್ಲ. ಅದರದೊಂದು ಪ್ರತಿ ಬರೆದು, ಗೋಂದು ಹಚ್ಚಿ, ಕಾಕಾರ ಹರಕು ಪುಸ್ತಕದ ಕೊನೆಗೆ ಅಂಟಿಸಿದೆ. ಅಲ್ಲಿಗೆ ಇವತ್ತಿನ ಕೆಲಸ ಮುಗಿಯಿತು.