ಅತಿಥಿ ಅಜ್ಜಿಯರು

ಸಂಜೆ ಐದಾಯಿತೆಂದರೆ ಯಜಮಾನರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. (ಅವರನ್ನು ಯಜಮಾನರು ಎಂದು ಕರೆಯುತ್ತಿದ್ದುದು ಅವರ ಹೆಂಡತಿ. ಮನೆಯಲ್ಲಿ ಅವರ ಯಜಮಾನಿಕೆ ಆ ಹೆಸರಿನಿಂದಾಚೆಗೆ ಎಲ್ಲೂ ಹಬ್ಬಿರಲಿಲ್ಲ.) ತಮ್ಮ ಕನ್ನಡಕದ ಅಂಗಡಿಯ ಗಲ್ಲಾದ ಮುಂದೆ ಕೂತು ಗಡಿಯಾರ ನೋಡುವರು, ಎದ್ದು ಬಾಗಿಲ ತನಕ ಹೋಗುವರು, ತಿರುಗಿ ಬಂದು ಮತ್ತೆ ಗಡಿಯಾರ ನೋಡುವರು. ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದ ಗಿರಾಕಿ ಮೂರನೇ ಸಾಲಿನಲ್ಲಿ ತಡವರಿಸಿದರೆ, "ಕಾಣುತ್ತೆ, ಕಾಣುತ್ತೆ, ಇಷ್ಟು ಕಂಡರೆ ಸಾಕು ಬಿಡಿ" ಎಂದು ಕುರ್ಚಿಯಿಂದ ಎಬ್ಬಿಸಿಬಿಡುವರು. ಆಮೇಲೆ ಅಂಗಡಿಯ ಸಹಾಯಕನಿಗೆ, "ಒಂದು ಕಾಫಿ ಕುಡಿದು ಬರ್ತೀನಿ" ಎಂದು ಹೇಳಿ ಮನೆಯ ಕಡೆ ಓಡುವರು.

ಓಡುತ್ತಿದ್ದುದು ಕಾಫಿಗಲ್ಲ, ಒಂದು ಧಾರಾವಾಹಿಗೆ. ಹೆಸರು 'ಕೊಡೆ ಯಾರದು?' ದಿನಾ ಸಂಜೆ ಐದೂವರೆಗೆ, ಅಂದರೆ ಭೂಮಂಡಲದ ಸಮಸ್ತರೂ ಬೇರೆ ಏನಾದರೂ ಕೆಲಸದಲ್ಲಿರುವ ಹೊತ್ತಿಗೆ, ಅದು ಬರುತ್ತಿತ್ತು. ಕಥೆ ಇಷ್ಟೇ: ಒಂದು ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳನ್ನು ಇಡುವ ಕೋಣೆ. ಅಲ್ಲೊಬ್ಬ ಗುಮಾಸ್ತ. ರೈಲಿನಲ್ಲಿ ಕೊಡೆ ಮರೆತ ಒಬ್ಬ ನರ್ಸು ಬಂದು, "ನನ್ನ ನೀಲಿ ಕೊಡೆ ಸಿಕ್ಕಿತಾ?" ಎಂದು ಕೇಳುತ್ತಾಳೆ. ಕೊಡೆ ಅವನ ಮೇಜಿನ ಕೆಳಗೇ ಇದೆ. ಕೊಟ್ಟುಬಿಟ್ಟರೆ ಮತ್ತೆ ಬರುವುದಿಲ್ಲವಲ್ಲ, ಅದಕ್ಕೆ "ಇನ್ನೂ ಇಲ್ಲ, ನಾಳೆ ವಿಚಾರಿಸಿ" ಅನ್ನುತ್ತಾನೆ. ಕೊಡೆಯ ತುದಿ ಮೇಜಿನಡಿಯಿಂದ ಇಣುಕುವುದು ಅವಳಿಗೂ ಕಾಣುತ್ತದೆ. ಆದರೂ ನಾಳೆ ಬಂದು ವಿಚಾರಿಸುತ್ತಾಳೆ. ಹೀಗೆ ತಿಂಗಳುಗಳೇ ಉರುಳಿದ್ದವು. ಕೊಡೆ ಒಂದು ಗೇಣೂ ಅಲುಗಿರಲಿಲ್ಲ.

ಯಜಮಾನರ ದೃಷ್ಟಿಯಲ್ಲಿ ಪ್ರೇಮವೆಂದರೆ ಇದು. ಉಳಿದ ಧಾರಾವಾಹಿಗಳಲ್ಲಿ ಪ್ರೇಮಿಗಳು ಮೊದಲನೇ ವಾರ ಡಿಕ್ಕಿ ಹೊಡೆದು, ಎರಡನೇ ವಾರ ಹಾಡಿ, ಮೂರನೇ ವಾರ ಆಸ್ಪತ್ರೆ ಸೇರುತ್ತಿದ್ದರು. ಇಲ್ಲಿ "ನಾಳೆ ವಿಚಾರಿಸಿ" ಎಂಬ ಎರಡು ಪದದಲ್ಲಿ ಎಲ್ಲವೂ ಇತ್ತು. ಲೋಕಕ್ಕೆ ಇದರ ಬೆಲೆ ಗೊತ್ತಿಲ್ಲವಲ್ಲ ಎಂದು ಅವರಿಗೆ ಹೊಟ್ಟೆ ಉರಿಯುತ್ತಿತ್ತು. ಕನ್ನಡಕ ಕೊಳ್ಳಲು ಬಂದವರಿಗೆಲ್ಲ, "ಹೊಸ ಕನ್ನಡಕದಲ್ಲಿ ನೋಡಲೇಬೇಕಾದ್ದು ಒಂದಿದೆ" ಎಂದು ಉಪದೇಶ ಮಾಡುವರು. ಗಿರಾಕಿಗಳು ತಲೆಯಾಡಿಸಿ, ಚಿಲ್ಲರೆ ಎಣಿಸಿಕೊಂಡು ಹೋಗುವರು. ಒಬ್ಬರೂ ನೋಡಲಿಲ್ಲ.

ಮನೆಯಲ್ಲಂತೂ ಹೇಳುವ ಹಾಗೇ ಇರಲಿಲ್ಲ. ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್. ಸಂಜೆ ತನ್ನ ತಾಯಿಯನ್ನೂ ಮಗಳು ಪುಟ್ಟಿಯನ್ನೂ ಕರೆದುಕೊಂಡು ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದಳು. ಆ ಹೊತ್ತಿಗೆ ಗಂಡ ಅಂಗಡಿಯಲ್ಲಿ ಬೆವರು ಸುರಿಸುತ್ತಿದ್ದಾನೆ ಎಂಬುದು ಅವಳ ನಂಬಿಕೆ. ಆ ನಂಬಿಕೆಗೆ ಭಂಗ ಬಾರದಂತೆ ಯಜಮಾನರು ಹಿಂಬಾಗಿಲಿನಿಂದ ಬಂದು, ಸದ್ದು ಕಮ್ಮಿ ಇಟ್ಟು, ಕೊಡೆ ನೋಡಿ, ಹಿಂಬಾಗಿಲಿನಿಂದಲೇ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಪೇಪರಿನ ಸಿನಿಮಾ ಪುಟದ ಮೂಲೆಯಲ್ಲಿ ಸಿಡಿಲು ಬಡಿಯಿತು. 'ಕೊಡೆ ಯಾರದು?' ನೋಡುವವರೇ ಇಲ್ಲದ ಕಾರಣ ನಿಲ್ಲಿಸುವ ಆಲೋಚನೆ ಇದೆಯಂತೆ! ಕೊಡೆ ಹಿಂದಿರುಗಿಸದೆಯೇ! ಯಜಮಾನರು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೋದರು. ದೂರದ ಲೆನ್ಸು ಬೇಕಾದವರಿಗೆ ಹತ್ತಿರದ್ದನ್ನು ಕೂರಿಸಿ ಕಳಿಸಿದರು. ಆ ಗಿರಾಕಿಗಳು ಮೆಟ್ಟಿಲಿನಲ್ಲಿ ಎಡವಿ ವಾಪಸು ಬಂದು ಜಗಳ ಆಡಿದರು.

ಅಂಥ ಸಂಕಟದ ಕಾಲದಲ್ಲೇ ಅವರ ಮನೆಗೆ ಪೆಟ್ಟಿಗೆ ಬಂತು.

ತಂದವನು ಹೆಗಲಿಗೆ ಚೀಲ ಹಾಕಿದ ಒಬ್ಬ ಯುವಕ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ಎಣಿಸುವ ಕಂಪನಿಯವನು. "ಸಾವಿರಾರು ಮನೆಗಳ ಪರವಾಗಿ ನಿಮ್ಮ ಮನೆಯನ್ನ ಆರಿಸಿದೀವಿ ಸಾರ್. ಯಾರಿಗೂ ಹೇಳಬಾರದು" ಎಂದು ಟಿವಿಯ ಪಕ್ಕ ಸಣ್ಣ ಪೆಟ್ಟಿಗೆಯೊಂದನ್ನು ಇಟ್ಟು, ಅದಕ್ಕೊಂದು ರಿಮೋಟು ಕೊಟ್ಟ. ಒಂದನೇ ಬಟನ್ ಯಜಮಾನರದು, ಎರಡನೆಯದು ಹೆಂಡತಿಯದು, ಮೂರು ಅತ್ತೆಯದು, ನಾಲ್ಕು ಪುಟ್ಟಿಯದು. ಟಿವಿ ಮುಂದೆ ಕೂತವರು ತಮ್ಮ ಬಟನ್ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಿ ಆರಿಸಬೇಕು. ಯಾರಾದರೂ ಮನೆಗೆ ಬಂದಿದ್ದರೆ ಅದಕ್ಕೂ ಅತಿಥಿ ಬಟನ್ ಇತ್ತು. ಹೆಣ್ಣೋ ಗಂಡೋ, ವಯಸ್ಸೆಷ್ಟು ಎಂದು ತುಂಬಿದರೆ ಸಾಕು.

"ಕೂತಿರೋ ತಲೆ ಎಷ್ಟೋ ಒತ್ತಿರೋ ಬಟನ್ ಅಷ್ಟೇ ಇರಬೇಕು. ಲೆಕ್ಕ ತಪ್ಪಬಾರದು," ಎಂದಳು ಗಣಿತದ ಟೀಚರ್, ಗಂಡನ ಕಡೆ ನೋಡಿ.

"ನನ್ನನ್ಯಾಕೆ ನೋಡ್ತೀಯ?"

"ಸುಮ್ನೆ ನೋಡಿದೆ."

ಮೊದಲನೇ ಸಂಜೆ ಯಜಮಾನರು ಪ್ರಾಮಾಣಿಕವಾಗಿ ತಮ್ಮ ಒಂದೇ ಬಟನ್ ಒತ್ತಿದರು. ಆದರೆ ಮನಸ್ಸು ತಡೆಯಲಿಲ್ಲ. ಸಾವಿರಾರು ಮನೆಗಳ ಪರವಾಗಿ ಒಬ್ಬನೇ ಒಬ್ಬ ಕೂತರೆ ಏನು ಚೆನ್ನ? ಹೆಂಡತಿ ಎಂದರೆ ಅರ್ಧಾಂಗಿ, ತಾನು ನೋಡಿದರೆ ಅವಳೂ ಅರ್ಧ ನೋಡಿದಂತೆಯೇ ಎಂದು ಮಾರನೇ ದಿನ ಎರಡನೇ ಬಟನ್ ಒತ್ತಿದರು. ಅದರ ಮಾರನೇ ದಿನ ಅತ್ತೆಯನ್ನೂ ಮಗಳನ್ನೂ ಕೂರಿಸಿದರು. ವಾರ ಕಳೆಯುವಷ್ಟರಲ್ಲಿ ಅತಿಥಿಗಳ ಸರದಿ ಬಂತು.

ಇಲ್ಲಿ ಯಜಮಾನರ ಬೆರಳು ಗಾಳಿಯಲ್ಲಿ ನಿಂತಿತು. ಅತಿಥಿ ಗಂಡಸು ಎಂದು ಹಾಕೋಣವೆಂದರೆ ಈ ಧಾರಾವಾಹಿ ನೋಡುವ ಗಂಡಸರನ್ನು ಅವರು ಈ ತನಕ ಕಂಡಿರಲಿಲ್ಲ, ಯಾರೂ ನಂಬುವುದಿಲ್ಲ. ಹೆಂಗಸು ಎಂದು ಹಾಕಿದರು. ವಯಸ್ಸು? 'ಇಪ್ಪತ್ತೈದು' ಎಂದು ಒತ್ತಲು ಹೋಗಿ ಕೈ ಬೆವರಿತು. ಹೆಂಡತಿ ಇಲ್ಲದ ಹೊತ್ತಿನಲ್ಲಿ ಇಪ್ಪತ್ತೈದರ ಹೆಣ್ಣು, ಅದೂ ಸೋಫಾದ ಮೇಲೆ! ಇಲ್ಲದ ಹೆಣ್ಣಾದರೇನು, ಭಯ ಭಯವೇ. ಮೂವತ್ತೈದು ಎಂದರೂ ಎದೆ ಹೊಡೆದುಕೊಂಡಿತು. ಐವತ್ತೈದಕ್ಕೂ ಧೈರ್ಯ ಸಾಲಲಿಲ್ಲ. ಕೊನೆಗೆ ಎಪ್ಪತ್ತೈದರಲ್ಲಿ ಅವರ ಸಂಸಾರಕ್ಕೆ ಕ್ಷೇಮವೆನಿಸಿತು. ಎಪ್ಪತ್ತೈದರ ನಾಲ್ವರು ಅಜ್ಜಿಯರನ್ನು ಕೂರಿಸಿ, ನಿಟ್ಟುಸಿರು ಬಿಟ್ಟು, ಕೊಡೆ ನೋಡಿದರು.

ಅಂದಿನಿಂದ ಅಜ್ಜಿಯರು ದಿನವೂ ತಪ್ಪದೆ ಬಂದರು. ಧಾರಾವಾಹಿ ಉಳಿಯಿತು! ಪೇಪರಿನಲ್ಲಿ ನಿರ್ದೇಶಕರ ಸಂದರ್ಶನವೇ ಬಂತು. ಯಜಮಾನರು ಅದನ್ನು ಅಂಗಡಿಯ ಭೂತಗನ್ನಡಿ ಹಿಡಿದು ಓದಿದರು. "ನಮ್ಮ ಪ್ರೇಕ್ಷಕರು ಯಾರೆಂದು ಈಗ ತಿಳಿಯಿತು. ಎಪ್ಪತ್ತು ದಾಟಿದ ತಾಯಂದಿರು! ಇನ್ನು ಕಥೆ ಅವರ ಅಭಿರುಚಿಗೆ ತಕ್ಕಂತೆ ಸಾಗುತ್ತದೆ," ಎಂದಿದ್ದರು ನಿರ್ದೇಶಕರು. ಯಜಮಾನರು ಆ ಸಾಲನ್ನು ಭೂತಗನ್ನಡಿಯಲ್ಲಿ ಇನ್ನೊಮ್ಮೆ ಓದಿದರು.

ಸೋಮವಾರ ನರ್ಸಿನ ಸೋದರತ್ತೆ ಬಂದಿಳಿದಳು. ಅವಳು ತಿರುಗಿ ನೋಡಿದಾಗಲೆಲ್ಲ ಗುಡುಗಿನ ಸದ್ದಾಗುತ್ತಿತ್ತು. ಮಂಗಳವಾರ ಆಕೆ ಕೊಡೆಯನ್ನು ಕದ್ದಳು. ಬುಧವಾರ ಗುಮಾಸ್ತ ಪ್ಲಾಟ್‌ಫಾರಂನಲ್ಲಿ ಜಾರಿಬಿದ್ದು ನೆನಪು ಕಳೆದುಕೊಂಡ. ಗುರುವಾರ ನರ್ಸು ಬಂದು, "ನನ್ನ ನೀಲಿ ಕೊಡೆ ಸಿಕ್ಕಿತಾ?" ಎಂದರೆ, ಅವನು ಪಿಳಿಪಿಳಿ ನೋಡುತ್ತಾ, "ಕೊಡೆ ಅಂದ್ರೆ ಏನು?" ಎಂದ. ಯಜಮಾನರು ಖಾಲಿ ಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತರು. ತಮ್ಮ ಕೈಯಾರೆ ಉಳಿಸಿದ್ದನ್ನು ತಮ್ಮ ಕೈಯಾರೆ ಹಾಳುಮಾಡಿದ್ದರು. ನಿಜವಾಗಿ ಅತ್ತರು. ಆದರೂ ಮಾರನೇ ದಿನ ಓಡಿಬಂದರು, ನೆನಪು ಇಂದಾದರೂ ಬರಬಹುದೆಂದು.

ಬಂದು ನೋಡಿದರೆ ಸೋಫಾ ತುಂಬಿತ್ತು.

ಪಾರ್ಕಿನಲ್ಲಿ ಅತ್ತೆಯ ಗೆಳತಿಯೊಬ್ಬರು, "ಆ ಗುಡುಗೋ ಸೋದರತ್ತೇನ ನೋಡಿಲ್ವಾ?" ಎಂದಿದ್ದರಂತೆ. ವಾಕಿಂಗ್ ಅಲ್ಲಿಗೆ ಸಮಾಪ್ತಿ. ಅತ್ತೆ ನಡುವೆ, ಹೆಂಡತಿ ಆಚೆ, ಪುಟ್ಟಿ ಈಚೆ.

"ಏನ್ರೀ, ಇಷ್ಟು ಬೇಗ?" ಎಂದಳು ಹೆಂಡತಿ.

"ತಲೆನೋವು," ಎಂದರು ಯಜಮಾನರು.

"ಅಳಿಯಂದಿರೇ, ಸ್ವಲ್ಪ ಪಕ್ಕಕ್ಕೆ. ಸೋದರತ್ತೆ ಕಾಣ್ತಿಲ್ಲ," ಎಂದರು ಅತ್ತೆ.

ಹೀಗೆ ನಾಲ್ಕು ದಿನ ತಲೆನೋವಿನಲ್ಲಿ ಕಳೆದವು. ಅತಿಥಿ ಬಟನ್ ಒತ್ತಲು ದಾರಿಯೇ ಇರಲಿಲ್ಲ. ಐದನೇ ದಿನ ಎಣಿಕೆ ಕಂಪನಿಯಿಂದ ಫೋನು ಬಂತು. ಎತ್ತಿದವಳು ಹೆಂಡತಿ.

"ಮೇಡಂ, ನಿಮ್ಮ ಮನೆಗೆ ದಿನಾ ಸಂಜೆ ಬರ್ತಿದ್ದ ನಾಲ್ಕು ಜನ ಹೆಂಗಸರು ಈಗ ಬರ್ತಾ ಇಲ್ವಾ?"

ಅವಳು ಒಂದು ಕ್ಷಣ ಗಂಡನನ್ನು ನೋಡಿದಳು. ಮನೆಯ ಮಾನ ದೊಡ್ಡದು, ಕಂಪನಿಯವರಿಗೆ ಅನುಮಾನ ಬರಬಾರದು. "ಹೌದು, ನಮ್ಮ ದೊಡ್ಡಮ್ಮಂದಿರು. ಊರಿಗೆ ಹೋಗಿದಾರೆ. ಒಬ್ಬರು ಮಾತ್ರ ನಾಳೆ ಬರ್ತಾರೆ," ಎಂದು ಫೋನು ಇಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು.

"ಯಾರ್ರೀ ಅವರು?"

"ಯಾರು?"

"ನಾನು ಪಾರ್ಕಿಗೆ ಹೋದ ಕೂಡಲೇ ಮನೆಗೆ ಬರ್ತಿದ್ದ ನಾಲ್ಕು ಜನ!"

"ಅಯ್ಯೋ, ಅವರು ಇಲ್ಲವೇ ಇಲ್ಲ ಕಣೇ!"

"ಈಗ ಇಲ್ಲ. ಮೊದಲು ಇದ್ರಲ್ಲ?"

"ಮೊದಲೂ ಇರಲಿಲ್ಲ! ಎಲ್ಲರಿಗೂ ಎಪ್ಪತ್ತೈದು ವಯಸ್ಸು!"

"ಇಲ್ಲದೇ ಇರೋರಿಗೆ ವಯಸ್ಸು ಎಲ್ಲಿಂದ ಬಂತು?"

"ಎಪ್ಪತ್ತೈದಾ? ನನಗಿಂತ ದೊಡ್ಡೋರು," ಎಂದರು ಅತ್ತೆ ಕನಿಕರದಿಂದ. "ಬಂದೋರಿಗೆ ಒಂದು ಲೋಟ ನೀರಾದ್ರೂ ಕೊಟ್ರಾ ಅಳಿಯಂದಿರೇ?"

ಯಜಮಾನರು ಎಲ್ಲವನ್ನೂ ಒಪ್ಪಿಕೊಂಡರು. ಕಾಫಿ, ಹಿಂಬಾಗಿಲು, ಅರ್ಧಾಂಗಿ, ಇಪ್ಪತ್ತೈದರಲ್ಲಿ ಬೆವರಿದ ಕೈ, ಒಂದನ್ನೂ ಬಿಡಲಿಲ್ಲ. ಹೆಂಡತಿಗೆ ನಗು ಬಂತು. ಆದರೆ ಟೀಚರುಗಳು ನಕ್ಕ ಮಾತ್ರಕ್ಕೆ ಶಿಕ್ಷೆ ಬಿಡುವುದಿಲ್ಲ.

"ಒಬ್ಬರು ನಾಳೆ ಬರ್ತಾರೆ ಅಂತ ನಾನು ಹೇಳಿಯಾಗಿದೆ. ಹೇಳಿದ ಮೇಲೆ ಬರಲೇಬೇಕು. ಆ ದೊಡ್ಡಮ್ಮ ನೀವೇ."

"ನಾನಾ? ನನ್ನ ಬಟನ್ ಇದೆಯಲ್ಲೇ, ಒಂದನೇದು!"

"ಯಜಮಾನರು ಆ ಹೊತ್ತಿಗೆ ಅಂಗಡೀಲಿ ಇರ್ತಾರೆ. ಇರಬೇಕು ತಾನೇ? ಕೂತಿರೋ ತಲೆ ನಾಲ್ಕು, ಒತ್ತೋ ಬಟನ್ ನಾಲ್ಕು. ಲೆಕ್ಕ ಸರಿಹೋಯ್ತು."

ಅಂದಿನಿಂದ ಯಜಮಾನರು ಸೋಫಾದ ಪಕ್ಕದ ಬೆತ್ತದ ಸ್ಟೂಲಿನ ಮೇಲೆ, ಎಪ್ಪತ್ತೈದರ ಹೆಂಗಸಾಗಿ, ಧಾರಾವಾಹಿ ನೋಡತೊಡಗಿದರು. ಸೋದರತ್ತೆಯ ಗುಡುಗನ್ನು ಸಹಿಸಿಕೊಂಡರು. ಅವಳಿಗೆ ಕೊಡೆಯ ಹಿಡಿಯೊಳಗೆ ಸಿಕ್ಕ ಆಸ್ತಿಪತ್ರವನ್ನೂ ಸಹಿಸಿಕೊಂಡರು. ಗುಮಾಸ್ತನಿಗೆ ನೆನಪು ಬರಲಿ, ಕೊಡೆ ನರ್ಸಿನ ಕೈ ಸೇರಲಿ, ಅಷ್ಟು ಕಂಡರೆ ಸಾಕಿತ್ತು ಅವರಿಗೆ. ಒಂದು ಶುಕ್ರವಾರ ಅವನು ಹಣೆ ಉಜ್ಜಿಕೊಳ್ಳುತ್ತಾ, "ನೀಲಿ... ನೀಲಿ..." ಎಂದಾಗ ಯಜಮಾನರು ಸ್ಟೂಲಿನಿಂದ ಎದ್ದೇಬಿಟ್ಟರು.

"ಕೂತ್ಕೊಳ್ಳಿ ದೊಡ್ಡಮ್ಮ," ಎಂದಳು ಹೆಂಡತಿ.

ಭಾನುವಾರದ ಪೇಪರನ್ನು ಅವಳೇ ಗಟ್ಟಿಯಾಗಿ ಓದಿದಳು. "ಕೇಳಿ ಇಲ್ಲಿ. 'ಕೊಡೆ ಯಾರದು?' ಧಾರಾವಾಹಿಯನ್ನು ಮೊದಲು ಅಲ್ಪಸ್ವಲ್ಪ ಗಂಡಸರೂ ನೋಡುತ್ತಿದ್ದರು. ಇತ್ತೀಚಿನ ಎಣಿಕೆಯ ಪ್ರಕಾರ ಈಗ ಒಬ್ಬ ಗಂಡಸೂ ನೋಡುತ್ತಿಲ್ಲ. ಆದ್ದರಿಂದ ಗುಮಾಸ್ತನ ಪಾತ್ರವನ್ನು ಕೈಬಿಡಲು ತೀರ್ಮಾನಿಸಿದ್ದೇವೆ, ಅಂತ ನಿರ್ದೇಶಕರು ಹೇಳಿದಾರೆ."

ಸೋಮವಾರ ಗುಮಾಸ್ತನಿಗೆ ವರ್ಗವಾಯಿತು. ರೈಲು ಹತ್ತಿದ, ಕಿಟಕಿಯಿಂದ ಯಾರಿಗೂ ಅಲ್ಲದಂತೆ ಕೈ ಬೀಸಿದ, ಹೋದ. ಕೊಡೆ ಸೋದರತ್ತೆಯ ಕೈಯಲ್ಲಿತ್ತು.

"ಹೋಗಲಿ ಬಿಡಿ. ಅವನಿಂದ ಕಥೆಗೆ ಏನು ಉಪಯೋಗ ಇತ್ತು?" ಎಂದರು ಅತ್ತೆ.

ಯಜಮಾನರು ಕಣ್ಣೊರೆಸಿಕೊಂಡು, ಚಪ್ಪಲಿ ಹುಡುಕಿಕೊಂಡು, ಅಂಗಡಿಯ ಕಡೆ ಹೊರಟರು. ಬಾಗಿಲು ದಾಟುವಷ್ಟರಲ್ಲಿ ಪುಟ್ಟಿ ಕೂಗಿದಳು:

"ಅಪ್ಪಾ, ಅತಿಥಿ ಅಜ್ಜಿಯನ್ನ ಆರಿಸಿ ಹೋಗು!"