ತೆಂಗಿನ ಮರಕ್ಕೆ ಕಟ್ಟಿದ ಏರಿಯಲ್

ರೇಡಿಯೋ ವಿಷಯದಲ್ಲಿ ಇಡೀ ಬಿಜೈಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯವಾಗಿತ್ತು. ನನ್ನ ವಾಲ್ವ್ ಸೆಟ್ಟು ಬಿಸಿಯಾಗಿ ಮುಂಭಾಗದ ಹಸಿರು ದೀಪದ ಕಣ್ಣು ಬೆಳಗಿತೆಂದರೆ ಸಮುದ್ರದಾಚೆಯ ದೇಶಗಳೆಲ್ಲ ನಮ್ಮ ಚಾವಡಿಗೆ ಬರುತ್ತಿದ್ದವು. ನಿಮ್ಮ ನಿಲಯ ನಮ್ಮಲ್ಲಿ ಭಾರೀ ಸ್ಪಷ್ಟ ಕೇಳುತ್ತದೆಂದು ಒಂದು ವಿದೇಶಿ ನಿಲಯಕ್ಕೆ ಕಾಗದವನ್ನೂ ಬರೆದಿದ್ದೆ. ಅದನ್ನು ಮುಂದಿನ ಭಾನುವಾರ ಸಂಜೆ ನಿಮ್ಮ ಹೆಸರು ಸಮೇತ ಓದುತ್ತೇವೆಂದು ಉತ್ತರ ಬಂತು. ನೆರೆಕರೆಯನ್ನೆಲ್ಲ ಆಹ್ವಾನಿಸಿದೆ!

ಇಂಥ ಐತಿಹಾಸಿಕ ದಿನಕ್ಕೆ ಹಂಚಿನ ಮಾಡಿನ ಮೇಲಿನ ಗಿಡ್ಡ ಏರಿಯಲ್ ಸಾಲದು ಎನಿಸಿತು. ಉದ್ದದ ಹೊಸ ತಂತಿ ತಂದು, ಆಚೆಮನೆಯ ಜವಳಿ ವ್ಯಾಪಾರಿ ಹಸನಬ್ಬರ ತೆಂಗಿನ ಮರಕ್ಕೆ ಕಟ್ಟಿಸಿ ಬಿಗಿಯಾಗಿ ಎಳೆಸಿದೆ.

“ಗಾಳಿಗೆ ಮರ ಅಲ್ಲಾಡ್ತದಲ್ಲ? ಸ್ವಲ್ಪ ಸಡಿಲ ಬಿಡಿ ಮಾರಾಯ್ರೆ,” ಎಂದಳು ಹೆಂಡತಿ ಲಿಲ್ಲಿ.

“ವಿಜ್ಞಾನದಲ್ಲಿ ಬಾಯಿ ಹಾಕಬೇಡ!” ಎಂದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನೋ ಅವಳೋ?

ಸಂಜೆ ಚಾವಡಿ ತುಂಬಿತು. ಕಡಲಿನ ಕಡೆಯಿಂದ ಗಾಳಿ ಎದ್ದಿತು. ಮರ ಆಚೆ ವಾಲಿತು. ಟಣ್! ರೇಡಿಯೋದಲ್ಲಿ ಬರೀ ಗೊರಗೊರ.

ಏಣಿ ಇಟ್ಟು ಮಾಡು ಹತ್ತಿದೆ. ತುಂಡಾದ ತಂತಿಯ ಎರಡು ತುದಿಗಳೂ ಹಂಚಿಗೆ ಸಿಕ್ಕಿಕೊಂಡಿದ್ದವು. ಗಂಟು ಹಾಕೋಣವೆಂದರೆ ಒಂದು ಮೊಳ ಸಾಲದು! ಒಂದೊಂದು ಕೈಯಲ್ಲಿ ಒಂದೊಂದು ತುದಿ ಹಿಡಿದೆ, ಅಷ್ಟೇ.

“ಸ್ವರ ಬಂತು ಮಾಸ್ಟ್ರೇ! ತಂತಿ ಬಿಡಬೇಡಿ!” ಕೆಳಗಿನಿಂದ ಹಸನಬ್ಬರು ಕೂಗಿದರು.

“ನನ್ನ ಹೆಸರು ಬಂತಾ?”

“ಎಂತ ಬೊಬ್ಬೆ ನಿಮ್ಮದು! ಸುಮ್ಮನಿರಿ, ನಮಗೆ ಕೇಳುವುದಿಲ್ಲ!” ಇದು ಲಿಲ್ಲಿ.

ಯಾರಿಗೆ ಹೇಳುವ ಮಾತು ಇದು? ಹೆಸರು ನನ್ನದು, ರೇಡಿಯೋ ನನ್ನದು, ಅವರು ಕುಡಿಯುತ್ತಿದ್ದ ಕಾಫಿ ನನ್ನದು! ನಾನು ಮಾತ್ರ ಬೆದರುಬೊಂಬೆಯ ಹಾಗೆ ಕೈ ಚಾಚಿಕೊಂಡು ಹಂಚಿನ ಮೇಲೆ! ಸಿಟ್ಟಿನಿಂದ ಮೈಯೆಲ್ಲ ಉರಿದುಹೋಯಿತು. ಆದರೆ ಕೈ ಬಿಡಲಿಲ್ಲ.

ಕೆಳಗೆ ಚಪ್ಪಾಳೆ ಬಿತ್ತು. ಇಳಿದು ಬರುವಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತು. ಕಾಫಿಯೂ ಮುಗಿದಿತ್ತು.

“ನನ್ನ ಬಗ್ಗೆ ಎಂತ ಹೇಳಿದ್ರು?”

“ನಮ್ಮ ನಿಲಯ ಈ ಮಾಸ್ಟ್ರ ಮನೆಯಲ್ಲಿ ಭಾರೀ ಸ್ಪಷ್ಟ ಕೇಳ್ತದಂತೆ ಅಂತ ಹೇಳಿದ್ರು,” ಎಂದರು ಹಸನಬ್ಬರು. “ಸತ್ಯ ಮಾಸ್ಟ್ರೇ, ಒಂದು ಅಕ್ಷರ ತಪ್ಪಲಿಲ್ಲ!”

ಮರುದಿನವೇ ಬೇರೆ ತಂತಿ ಹಾಕಿಸಿದೆ, ಸಾಕಷ್ಟು ಸಡಿಲವಾಗಿ. ಅದು ಮಾಸ್ಟ್ರಷ್ಟು ಸ್ಪಷ್ಟವಿಲ್ಲ ಎಂಬುದು ನೆರೆಕರೆಯ ಸರ್ವಾನುಮತದ ತೀರ್ಪು! ಮುಂದಿನ ಭಾನುವಾರ ಹಸನಬ್ಬರು ಬೇಲಿಯಾಚೆಯಿಂದ ಲಿಲ್ಲಿಯನ್ನು ವಿಚಾರಿಸಿದರು:

“ಮಾಸ್ಟ್ರು ಮನೆಯಲ್ಲಿ ಇದ್ದಾರಾ?”

“ಇದ್ದಾರೆ, ಚಾ ಕುಡೀತಿದ್ದಾರೆ. ಈಗ ಮಾಡಿಗೆ ಹತ್ತಿಸ್ತೇನೆ.”

ನಾನು ಚಾ ಬೇಗ ಮುಗಿಸಿದೆ.